ಜೀಪಿಗೆ ಸೇರಿಸಿದ ಒಂದೂವರೆ ಅಡಿ

ಆ ಜೀಪು ನನ್ನ ಕೈಗೆ ಬಂದದ್ದು ಡೆಂಕಣಿಕೋಟೆ ಹತ್ತಿರದ ಒಂದು ಕಲ್ಲು ಕ್ವಾರಿಯಿಂದ. ಕೃಷ್ಣಗಿರಿ ಆಗಷ್ಟೇ ಜಿಲ್ಲೆಯಾಗಿತ್ತು. ಕ್ವಾರಿ ಮುಚ್ಚಿಹೋಗಿ ಜೀಪು ಆರು ತಿಂಗಳಿಂದ ಹುಣಸೆಮರದ ಕೆಳಗೆ ನಿಂತುಕೊಂಡಿತ್ತು. ಸೀಟಿನ ಸ್ಪಂಜನ್ನು ಇಲಿಗಳು ತಿಂದಿದ್ದವು, ಮೇಲಿನ ಟಾರ್ಪಾಲು ಹರಿದಿತ್ತು, ಕಾಲಿಡುವ ಕಡೆ ತಗಡು ತುಕ್ಕು ಹಿಡಿದು ಕೆಳಗಿನ ನೆಲ ಕಾಣುತ್ತಿತ್ತು. ಬೇರೆ ಬ್ಯಾಟರಿ ತಂದು ಹಾಕಿದ ಮೇಲೆ ಇಂಜಿನ್ನು ಮಾತ್ರ ಎರಡನೇ ಸಲಕ್ಕೇ ಶುರುವಾಯಿತು. ಅಷ್ಟು ಸಾಕಾಯಿತು ನನಗೆ.

ನಾನು ಆಗ ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ವೆಲ್ಡಿಂಗ್ ಆಗಿ ಬಂದ ಭಾಗಗಳನ್ನು ನೋಡಿ, ಸರಿಯಿದ್ದರೆ ಹಸಿರು ಚುಕ್ಕೆ, ಇಲ್ಲದಿದ್ದರೆ ಕೆಂಪು ಚುಕ್ಕೆ ಇಡುವುದು ಕೆಲಸ. ಅನುಮಾನ ಬಂದ ಕಡೆ ಒಂದು ಕೆಂಪು ದ್ರವ ಬಳಿದು, ಒರೆಸಿ, ಮೇಲೆ ಬಿಳಿ ಪುಡಿ ಹೊಡೆದರೆ ಕಣ್ಣಿಗೆ ಕಾಣದ ಬಿರುಕು ಕೂದಲೆಳೆಯ ಹಾಗೆ ಕೆಂಪಗೆ ಎದ್ದು ಬರುತ್ತದೆ. ಹನ್ನೊಂದು ವರ್ಷ ಅದನ್ನೇ ಮಾಡಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಮುಂದೆ ನಡೆದದ್ದಕ್ಕೆ ನನಗೇನೂ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಹಾಗೆ ನಾನಿಲ್ಲ.

ನಮ್ಮೂರು ಡೆಂಕಣಿಕೋಟೆಯಿಂದ ಅಂಚೆಟ್ಟಿಗೆ ಹೋಗುವ ದಾರಿಯಲ್ಲಿ ಒಳಗೆ ಸೇರಿಕೊಂಡಿರುವ ಊರು. ನಮ್ಮ ತಾತನ ಕಾಲದಿಂದಲೂ ಅಲ್ಲೇ ರಾಗಿ, ಅವರೆ, ನೀರಿದ್ದ ಕಡೆ ಕೋಸು. ಬೆಳೆದದ್ದನ್ನು ಹೊಸೂರಿಗೆ ಸಾಗಿಸುವುದೇ ಕಷ್ಟ. ಬರುತ್ತಿದ್ದ ಎರಡು ಬಸ್ಸುಗಳಲ್ಲಿ ಒಂದರ ಕಂಡಕ್ಟರು ಮೂಟೆ ಕಂಡರೆ ಸಾಕು, ಸೀಟಿ ಊದಿಬಿಡುತ್ತಿದ್ದ. ನನ್ನ ಹೆಂಡತಿಯ ತಮ್ಮ ನಮ್ಮ ಜೊತೆಯಲ್ಲೇ ಇದ್ದ. ಟ್ರ್ಯಾಕ್ಟರ್ ಓಡಿಸಿಕೊಂಡಿದ್ದವನು. ಒಂದು ಪಿಕಪ್ ಇದ್ದರೆ ಇಡೀ ಊರಿನ ಕಾಯಿ ನಾವೇ ಸಾಗಿಸಬಹುದು ಎಂದು ಅವನೇ ಮೊದಲು ಹೇಳಿದ್ದು. ಹೊಸ ಪಿಕಪ್ ನಮ್ಮ ಯೋಗ್ಯತೆಗೆ ಮೀರಿದ್ದು. ಹಳೇ ಜೀಪು ತಗೊಂಡು ಹಿಂದಿನ ಭಾಗ ಕೊಯ್ದು ತೊಟ್ಟಿ ಕೂರಿಸೋಣ ಎಂದದ್ದು ನಾನು.

ಆ ಕೆಲಸಕ್ಕೆ ನಮ್ಮ ಕಡೆ ಎಲ್ಲರೂ ಹೇಳುತ್ತಿದ್ದದ್ದು ಒಬ್ಬರನ್ನೇ. ಡೆಂಕಣಿಕೋಟೆಯಲ್ಲಿ ಬಾಡಿಗೆ ಗಾಡಿಗಳು ನಿಲ್ಲುವ ಸ್ಟ್ಯಾಂಡಿನಿಂದ ನೂರು ಹೆಜ್ಜೆ ಆಚೆಗೆ ಅವರ ವೆಲ್ಡಿಂಗ್ ಶಾಪು. ಅರವತ್ತು ದಾಟಿದ ಮನುಷ್ಯ, ಮನೆಮಾತು ತೆಲುಗು, ನಮ್ಮ ಹತ್ತಿರ ಕನ್ನಡ, ಗಿರಾಕಿಗಳ ಹತ್ತಿರ ತಮಿಳು. ಎಲ್ಲರೂ ಮೇಸ್ತ್ರಿ ಅಂತಲೇ ಕರೆಯುತ್ತಿದ್ದರು. ಬೆಟ್ಟದ ಮೇಲಿನ ಕ್ವಾರಿಗಳ, ತೋಟಗಳ ಜೀಪುಗಳಿಗೆ ಬಾಡಿ ಕಟ್ಟಿ ಹೆಸರು ಮಾಡಿದವರು. ನಮ್ಮ ಜೀಪು ಬಂದ ದಿನ ಒಂದು ಗೋಣಿತಟ್ಟು ಹಾಸಿಕೊಂಡು ಅದರ ಕೆಳಗೆ ಮಲಗಿದವರು ಮುಕ್ಕಾಲು ಗಂಟೆ ಆಚೆಗೆ ಬರಲಿಲ್ಲ. ಸಣ್ಣ ಸುತ್ತಿಗೆಯಲ್ಲಿ ಚಾಸಿಯನ್ನು ಉದ್ದಕ್ಕೂ ತಟ್ಟುವ ಸದ್ದು ಮಾತ್ರ ಕೇಳುತ್ತಿತ್ತು. ಎದ್ದು ಬಂದು, ಮೇಲಿನದೆಲ್ಲ ಗುಜರಿ, ಚಾಸಿ ಮಾತ್ರ ಬಂಗಾರ ಅಂದರು.

ಆಮೇಲೆ ಸೀಮೆಸುಣ್ಣದಲ್ಲಿ ನೆಲದ ಮೇಲೆ ಜೀಪಿನಷ್ಟೇ ಉದ್ದಕ್ಕೆ ನಕ್ಷೆ ಬರೆದರು. ತೊಟ್ಟಿ ಎಲ್ಲಿ ಮುಗಿಯಬೇಕೋ ಅಲ್ಲಿ ಒಂದು ಗೆರೆ ಎಳೆದರು. ಹಿಂದಿನ ಆಕ್ಸಲಿನಿಂದ ಆಚೆಗೆ ಒಂದೇ ಅಡಿ. ನನಗೆ ಅದು ತೀರಾ ಮೊಟಕಾಗಿ ಕಂಡಿತು. ಇನ್ನೂ ಒಂದೂವರೆ ಅಡಿ ಬಿಟ್ಟರೆ ಎಂಟು ಹತ್ತು ಮೂಟೆ ಜಾಸ್ತಿ ಹಿಡಿಯುತ್ತದೆ ಎಂದೆ.

"ಹಿಡೀತದೆ ತಮ್ಮಾ," ಅಂದರು. "ಮೂಟೆ ಹಿಡೀತದೆ, ಮುಂದಿನ ಚಕ್ರ ನೆಲ ಹಿಡಿಯಲ್ಲ. ನಿಮ್ಮದು ಏರು ದಾರಿ. ಹಿಂದ್ಗಡೆ ಭಾರ ಕೂತ್ರೆ ಸ್ಟೀರಿಂಗು ನಿನ್ನ ಮಾತು ಕೇಳಲ್ಲ. ಈ ಗೆರೆ ದಾಟಿಸ್ಬೇಕು ಅಂದ್ರೆ ಬೇರೆಯವರ ಹತ್ರ ಹೋಗು."

ಬೇರೆಯವರ ಹತ್ತಿರ ಹೋಗಲಿಲ್ಲ. ಅವರೇ ಬೇಕಾಗಿತ್ತು ನನಗೆ.

ಕೆಲಸ ಮೂರು ವಾರ ನಡೆಯಿತು. ರಜೆಯ ದಿನವೆಲ್ಲ ನಾನು ಅಲ್ಲೇ. ಮುಂದಿನ ಸೀಟಿನ ಹಿಂದಕ್ಕೆ ಗ್ಯಾಸ್ ಕಟಿಂಗ್ ಹಾಕಿ ಬಾಡಿಯನ್ನು ಎರಡು ಭಾಗ ಮಾಡಿದಾಗ, ಎದುರುಬದುರು ಕೂರುವ ಎರಡು ಉದ್ದ ಬೆಂಚುಗಳ ಸಮೇತ ಹಿಂಭಾಗ ಧೊಪ್ಪನೆ ಮಣ್ಣಿಗೆ ಬಿತ್ತು. ಸೀಟಿನ ಹಿಂದೆ ತಗಡಿನ ಗೋಡೆ ಕಟ್ಟಿ, ಅದರಲ್ಲೊಂದು ಸಣ್ಣ ಗಾಜಿನ ಕಿಂಡಿ ಇಟ್ಟರು. ತೊಟ್ಟಿಗೆ ಚಾನಲ್ ಕಬ್ಬಿಣದ ಚೌಕಟ್ಟು ಮಾಡಿದರು. ಅದನ್ನು ಚಾಸಿಗೆ ನೇರವಾಗಿ ಬೆಸೆಯದೆ, ನಡುವೆ ರಬ್ಬರು ತುಂಡು ಕೊಟ್ಟು ಬೋಲ್ಟು ಹಾಕಿ ಬಿಗಿದರು. ಹಳ್ಳಕೊಳ್ಳದಲ್ಲಿ ಚಾಸಿ ಬಳುಕುತ್ತದೆ, ಬಳುಕಲು ಬಿಡಬೇಕು, ಗಟ್ಟಿಯಾಗಿ ಹಿಡಿದರೆ ಎಲ್ಲಾದರೂ ಸೀಳುತ್ತದೆ ಎನ್ನುವುದು ಅವರ ಲೆಕ್ಕ.

ಒಂದು ದಿನ ನಾನು ಫ್ಯಾಕ್ಟರಿಯಿಂದ ಆ ಕೆಂಪು ದ್ರವದ ಡಬ್ಬಿಯನ್ನೂ ಬಿಳಿ ಪುಡಿಯನ್ನೂ ಯಾರಿಗೂ ಹೇಳದೆ ಚೀಲದಲ್ಲಿ ಹಾಕಿಕೊಂಡು ಬಂದೆ. ಮೇಸ್ತ್ರಿ ಊಟಕ್ಕೆ ಹೋದಾಗ ಅವರ ಬೆಸುಗೆಗಳಿಗೆಲ್ಲ ಬಳಿದು ನೋಡುತ್ತಾ ಕೂತೆ. ಅವರು ಕೈ ಒರೆಸಿಕೊಳ್ಳುತ್ತಾ ಬಂದು ಹಿಂದೆ ನಿಂತದ್ದು ಗೊತ್ತಾಗಲಿಲ್ಲ. ಕೋಪ ಮಾಡಿಕೊಳ್ಳಲಿಲ್ಲ. ಏನಾದರೂ ಸಿಕ್ಕಿತಾ ಎಂದು ಕೇಳಿದರು. ಇಲ್ಲ ಎಂದೆ. ಸಿಕ್ಕಿದರೆ ಹೇಳು, ಬಿಚ್ಚಿ ಮತ್ತೆ ಹಾಕುತ್ತೇನೆ ಅಂದರು. ಒಂದೇ ಒಂದು ಕೆಂಪು ಗೆರೆ ಕೂಡ ಬಂದಿರಲಿಲ್ಲ.

ಗಾಡಿ ಕೊಡುವಾಗ ಒಂದು ಮಾತು ಹೇಳಿದರು. ಬಾಡಿ ಬದಲಾಯಿಸಿದ್ದನ್ನು ಆರ್.ಟಿ.ಓ. ಆಫೀಸಿನಲ್ಲಿ ತೋರಿಸಿ ಗಾಡಿಯ ಪುಸ್ತಕದಲ್ಲಿ ಬರೆಸಿಕೋ, ತಡ ಮಾಡಬೇಡ. ಬರುವ ವಾರ ಹೋಗುತ್ತೇನೆ ಎಂದೆ. ಹೋಗಲಿಲ್ಲ.

ನಾಲ್ಕು ತಿಂಗಳು ಚೆನ್ನಾಗಿಯೇ ಓಡಿತು. ಭಾಮೈದ ಬೆಳಗ್ಗೆ ಊರಿನ ಮೂಟೆಗಳನ್ನು ಹೇರಿಕೊಂಡು ಹೊಸೂರಿಗೆ ಹೋಗಿ ಮಧ್ಯಾಹ್ನ ಬರುತ್ತಿದ್ದ. ಪಕ್ಕದ ಊರುಗಳವರೂ ಕೇಳತೊಡಗಿದರು. ತೊಟ್ಟಿ ತುಂಬಿದ ಮೇಲೂ ರಸ್ತೆ ಬದಿಯಲ್ಲಿ ಮೂಟೆ ಇಟ್ಟುಕೊಂಡು ಕೈ ಅಡ್ಡ ಹಾಕುವವರು. ಬಿಟ್ಟು ಬಂದರೆ ಸಂಜೆ ಮನೆ ಹತ್ತಿರ ಬಂದು ನಿಷ್ಠುರ ಆಡುವವರು. ನಾಲ್ಕು ಜನ ನನ್ನನ್ನು ಹೀಗೆ ಹುಡುಕಿಕೊಂಡು ಬರುವುದು ನನಗೆ ಹೊಸದು. ಇಲ್ಲ ಅನ್ನಲು ಮನಸ್ಸು ಬರಲಿಲ್ಲ. ಒಂದು ಭಾನುವಾರ ಗಾಡಿಯನ್ನು ಬೇರೊಂದು ಊರಿನ ಅಂಗಡಿಗೆ ಒಯ್ದೆ. ಕಿಟಕಿ ಕಂಬಿ, ಗೇಟು ಮಾಡುವ ಅಂಗಡಿ ಅದು. ತೊಟ್ಟಿಗೆ ಹಿಂದೆ ಒಂದೂವರೆ ಅಡಿ ಸೇರಿಸಿಕೊಡು ಎಂದೆ.

ಒಂದು ಮಧ್ಯಾಹ್ನದಲ್ಲಿ ಮುಗಿಸಿಕೊಟ್ಟ. ಹಳೇ ಬಣ್ಣವನ್ನು ಕೆರೆದು ಕೂಡ ತೆಗೆದಿರಲಿಲ್ಲ, ಬಣ್ಣದ ಮೇಲೇ ರಾಡು ಓಡಿಸಿದ್ದ. ಬೆಸುಗೆ ಕಬ್ಬಿಣದೊಳಗೆ ಇಳಿದಿರಲಿಲ್ಲ, ಮೇಣ ಸುರಿದ ಹಾಗೆ ಮೇಲೆ ಕೂತಿತ್ತು. ಆ ತುಂಡು ಫ್ಯಾಕ್ಟರಿಯಲ್ಲಿ ನನ್ನ ಮೇಜಿಗೆ ಬಂದಿದ್ದರೆ ಕೈಯಲ್ಲಿ ಎತ್ತಿ ನೋಡುವ ಮೊದಲೇ ಕೆಂಪು ಚುಕ್ಕೆ ಇಡುತ್ತಿದ್ದೆ. ಅವತ್ತು ಸಾಯಂಕಾಲ ಮನೆಗೆ ತಂದು ಅದರ ಮೇಲೆ ಹಸಿರು ಬಣ್ಣ ಹೊಡೆದೆ. ಕೆಂಪು ದ್ರವದ ಡಬ್ಬಿ ಒಳಗೆ ಗೂಡಿನಲ್ಲೇ ಇತ್ತು. ಅದರ ತಂಟೆಗೆ ಹೋಗಲಿಲ್ಲ.

ಎರಡು ದಿನಕ್ಕೇ ಭಾಮೈದ ಹೇಳಿದ, "ಭಾವ, ಏರಲ್ಲಿ ಮುಂದ್ಗಡೆ ತೇಲ್ದಂಗಾಯ್ತದೆ. ತಿರುಗ್ಸಿದ್ರೂ ತಿರುಗಾಕಿಲ್ಲ." ಬಂಪರಿಗೆ ಒಂದು ಮರಳಿನ ಮೂಟೆ ಕಟ್ಟಿಕೋ ಎಂದೆ. ಕಟ್ಟಿಕೊಂಡ.

ಅದಾಗಿ ಮೂರು ವಾರಕ್ಕೆ, ನನಗೆ ರಜೆಯಿದ್ದ ಒಂದು ದಿನ, ನಾನೂ ಅವನ ಜೊತೆ ಹೊರಟೆ. ಬೆಳಗ್ಗೆ ಏಳರ ಹೊತ್ತು. ಪಕ್ಕದ ಊರಿನ ಒಬ್ಬ ಮುದುಕಿ ತನ್ನ ಹೊಲದ ಕೋಸನ್ನು ಹೇರಿಸಿ, ಕಣ್ಣು ತೋರಿಸಬೇಕು, ಡೆಂಕಣಿಕೋಟೆ ಆಸ್ಪತ್ರೆವರೆಗೂ ಬರುತ್ತೇನೆ ಅಂದಳು. ಗಂಡ ಇಲ್ಲ, ಒಬ್ಬ ಮಗ. ಮಗ ಆ ದಿನ ನೀರು ಕಟ್ಟಲು ಹೋಗಿದ್ದ. ಮುಂದಿನ ಸೀಟಿನಲ್ಲಿ ನಮ್ಮಿಬ್ಬರ ಜೊತೆ ಇನ್ನೊಬ್ಬರು ಕೂರಬಹುದಿತ್ತು. ಅಲ್ಲಿ ನಾನು ನಮ್ಮ ಹೊಲದ ಹಣ್ಣು ಟೊಮ್ಯಾಟೊ ಬುಟ್ಟಿ ಇಟ್ಟುಕೊಂಡಿದ್ದೆ, ಹಿಂದೆ ಹಾಕಿದರೆ ನುಗ್ಗಾಗುತ್ತದೆ ಎಂದು. ಅವಳನ್ನು ಹಿಂದೆ ಹತ್ತಿಸಿ, ಕೊನೆಯ ಮೂಟೆಗಳ ಮೇಲೆ ಜಾಗ ತೋರಿಸಿ, "ಅಲ್ಲಿ ಕೂತ್ಕೊಳವ್ವ, ಗಾಳಿ ಚೆನ್ನಾಗಿ ಬತ್ತದೆ," ಎಂದೆ. ಅವಳು ಕೂತದ್ದು ಆ ಒಂದೂವರೆ ಅಡಿಯ ಮೇಲೆ.

ಏರಿನ ಎರಡನೇ ತಿರುವಿನಲ್ಲಿ ಹಿಂದಿನ ಚಕ್ರ ಒಂದು ಗುಂಡಿಗೆ ಇಳಿದು ಎದ್ದಿತು. ಬಟ್ಟೆ ಹರಿದ ಹಾಗೆ ಒಂದು ಸದ್ದು. ಗಾಜಿನ ಕಿಂಡಿಯಲ್ಲಿ ತಿರುಗಿ ನೋಡಿದರೆ ಅವಳು ಕೂತಿದ್ದ ಕಡೆ ಬರೀ ರಸ್ತೆ ಕಾಣುತ್ತಿತ್ತು.

ಮೂಟೆಗಳ ಮೇಲೇ ಬಿದ್ದದ್ದರಿಂದ ತಲೆಗೆ ಪೆಟ್ಟಾಗಿರಲಿಲ್ಲ. ಬಲಗೈ ಮಣಿಕಟ್ಟು ಮುರಿದಿತ್ತು. ಕೂಗಿಕೊಳ್ಳಲಿಲ್ಲ. ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಕೋಸು ಹಳ್ಳಕ್ಕೆ ಉರುಳಿ ಹೋಗುತ್ತಿದೆ, ಮೊದಲು ಹಿಡಿಯಿರಿ ಎನ್ನುತ್ತಿದ್ದಳು. ಹಿಂದೆ ಬಂದ ಒಂದು ವ್ಯಾನಿನಲ್ಲಿ ಅವಳನ್ನು ಆಸ್ಪತ್ರೆಗೆ ಸೇರಿಸಿದೆ. ಭಾಮೈದ ನೇತಾಡುತ್ತಿದ್ದ ತುಂಡನ್ನು ಹಗ್ಗದಲ್ಲಿ ಕಟ್ಟಿಕೊಂಡು ಗಾಡಿಯನ್ನು ಮೆಲ್ಲಗೆ ಡೆಂಕಣಿಕೋಟೆ ಸ್ಟ್ಯಾಂಡಿಗೆ ತಂದು ನಿಲ್ಲಿಸಿದ.

ನಾನೂ ಆಸ್ಪತ್ರೆಯಿಂದ ಅಲ್ಲಿಗೆ ಬಂದೆ. ಹತ್ತು ಗಂಟೆಯಷ್ಟರಲ್ಲಿ ಅವಳ ಮಗ ನಾಲ್ಕೈದು ಜನರನ್ನು ಕರೆದುಕೊಂಡು ಬಂದ. ಸ್ಟ್ಯಾಂಡಿನ ಡ್ರೈವರುಗಳೂ ಸುತ್ತ ಸೇರಿದರು. ಮಗ ನನ್ನ ಮೇಲೆ ಏರಿ ಬರಲಿಲ್ಲ. ಹೇಗಾಯಿತು ಎಂದು ಕೇಳಿದ, ಅಷ್ಟೆ. ಸುತ್ತ ನಿಂತವರು ನನ್ನ ಮುಖವನ್ನೇ ನೋಡುತ್ತಿದ್ದರು. ಪುಸ್ತಕದಲ್ಲಿ ಬರೆಸದ ತೊಟ್ಟಿ, ಕದ್ದು ಸೇರಿಸಿದ ಉದ್ದ, ಪೊಲೀಸು, ಫ್ಯಾಕ್ಟರಿಗೆ ತಿಳಿದರೆ ಏನಾಗುತ್ತದೆ, ಎಲ್ಲ ಒಟ್ಟಿಗೆ ತಲೆಗೆ ಬಂತು.

"ಬೆಸುಗೆ ಬಿಟ್ಟೋಯ್ತು," ಎಂದೆ. "ಮೇಸ್ತ್ರಿ ಕೆಲ್ಸ."

ಭಾಮೈದ ನನ್ನ ಕಡೆ ನೋಡಿದ. ಆಮೇಲೆ ಕೈಯಲ್ಲಿದ್ದ ಹಗ್ಗ ಸುತ್ತಲು ಶುರುಮಾಡಿದ.

ಎಲ್ಲರೂ ಆ ನೂರು ಹೆಜ್ಜೆ ನಡೆದು ಶಾಪಿನ ಮುಂದೆ ಹೋದರು. ಭಾಮೈದ ಹಿಂದೆ ಗಾಡಿ ತಂದ. ಮೇಸ್ತ್ರಿ ಕಣ್ಣಿನ ಕನ್ನಡಕ ತೆಗೆದು ಎದ್ದು ಬಂದರು. ಮುದುಕಿಯ ಮಗ ಆಗ ಬಾಯಿಗೆ ಬಂದ ಹಾಗೆ ಬೈದ. ಕಣ್ಣು ಕಾಣದ ಮುದುಕನಿಗೆ ಈ ಕೆಲಸ ಯಾಕೆ ಎಂದ. ನಮ್ಮವ್ವ ಸತ್ತಿದ್ದರೆ ನಿನ್ನನ್ನು ಇಲ್ಲೇ ಸುಡುತ್ತಿದ್ದೆ ಎಂದ. ಮೇಸ್ತ್ರಿ ಬಗ್ಗಿ ಹರಿದ ಅಂಚನ್ನು ನೋಡಿದರು. ಅವರು ಕಟ್ಟಿದ್ದ ಚೌಕಟ್ಟಿನ ಕೊನೆ ಹಾಗೇ ನೆಟ್ಟಗಿತ್ತು. ಅದಕ್ಕೆ ಯಾರೋ ಅಂಟಿಸಿದ್ದು ಮಾತ್ರ ಕಿತ್ತು ಬಂದಿತ್ತು, ಕೆಳಗಿನ ಹಳೇ ಬಣ್ಣ ಕೂಡ ಮಾಸಿರಲಿಲ್ಲ. ಹೆಬ್ಬೆರಳನ್ನು ಆ ಬಣ್ಣದ ಮೇಲೆ ಒಂದು ಸಲ ಎಳೆದು, ತಲೆಯೆತ್ತಿ ನನ್ನನ್ನು ನೋಡಿದರು. ನಾನು ರಸ್ತೆ ಕಡೆ ಮುಖ ಮಾಡಿದೆ.

ಗಾಡಿ ಇಲ್ಲೇ ಇರಲಿ, ನಾನು ನೋಡುತ್ತೇನೆ, ಮೊದಲು ಆಸ್ಪತ್ರೆಗೆ ಹೋಗಿ ಆ ತಾಯಿಯನ್ನು ನೋಡಿಕೊಳ್ಳಿ ಎಂದು ಮೇಸ್ತ್ರಿ ಅವರಿಗೆ ಹೇಳಿದರು. ಬಂದಿದ್ದವರು ಬೈಯುತ್ತಲೇ ಹೋದರು. ಭಾಮೈದನೂ ಅವರ ಹಿಂದೆ ಹೋದ. ನಾವಿಬ್ಬರೇ ಉಳಿದ ಮೇಲೆ ಮೇಸ್ತ್ರಿ ಒಂದು ಸ್ಟೂಲಿನ ಮೇಲೆ ಕೂತು ನೀರು ಕುಡಿದರು.

"ಇದು ನನ್ನ ಕೈದಲ್ಲ ಅಂತ ನಿನಗೂ ಗೊತ್ತು," ಅಂದರು.

ನಾನು ಗಾಡಿಯ ಹತ್ತಿರ ಹೋಗಿ ನಿಂತೆ.

"ಅವ್ರ ಮುಂದೆ ಹೇಳಿದ್ರೆ ನಿನ್ನ ಮೇಲೆ ಕೈ ಮಾಡ್ತಿದ್ರು. ನಾನು ಮುದುಕ, ನನ್ನ ಬೈತಾರೆ, ಹೊಡೆಯಲ್ಲ. ಅದ್ಕೆ ಸುಮ್ಮನಿದ್ದೆ. ನಾಳೆ ನಾಡಿದ್ದು ಬಿಸಿ ಆರಿದ ಮೇಲೆ ನೀನೇ ಹೇಳು."

ಹೇಳುತ್ತೇನೆ ಎಂದೆ. ಅವರು ಎದ್ದು ಆ ತುಂಡನ್ನು ಕತ್ತರಿಸಿ ತೆಗೆದು, ಹಿಂದಿನ ಬಾಗಿಲನ್ನು ಮೊದಲಿದ್ದ ಕಡೆಗೇ ಕೂರಿಸಿಕೊಟ್ಟರು. ನಾನು ಆಸ್ಪತ್ರೆಗೆ ಹೋಗಿ ಸಂಜೆವರೆಗೂ ಮುದುಕಿಯ ಪಕ್ಕದಲ್ಲಿದ್ದು, ಆಮೇಲೆ ಗಾಡಿ ತಗೊಂಡು ಊರಿಗೆ ಬಂದೆ.

ನಾಳೆಯೂ ಹೇಳಲಿಲ್ಲ, ನಾಡಿದ್ದೂ ಹೇಳಲಿಲ್ಲ. ಮೊದಲ ವಾರ, ಅವಳ ಕೈಗೆ ಕಟ್ಟು ಬಿಚ್ಚಲಿ ಎಂದುಕೊಂಡೆ. ಆಮೇಲೆ, ಸುಮ್ಮನಿರುವ ವಿಷಯವನ್ನು ಯಾಕೆ ಕೆದಕುವುದು ಎಂದುಕೊಂಡೆ. ವಿಷಯ ಸುಮ್ಮನಿರಲಿಲ್ಲ. ಸ್ಟ್ಯಾಂಡಿನ ಡ್ರೈವರುಗಳು ಅಂಚೆಟ್ಟಿಗೂ ನಾಟ್ರಾಂಪಾಳ್ಯಕ್ಕೂ ಹೋಗಿಬರುವವರು. ಮೇಸ್ತ್ರಿ ಕಟ್ಟಿದ ತೊಟ್ಟಿ ಕಿತ್ತು ಬಂದು ಹೆಂಗಸು ಬಿದ್ದಳು ಎಂಬ ಮಾತು ಅವರ ಜೊತೆ ಬೆಟ್ಟವೆಲ್ಲ ಸುತ್ತಿತು. ವರ್ಷ ತುಂಬುವಷ್ಟರಲ್ಲಿ ಆ ಶಾಪಿನ ಮುಂದೆ ಜೀಪು ನಿಲ್ಲುವುದು ಕಮ್ಮಿಯಾಯಿತು. ಕಬ್ಬಿಣದ ಮಂಚ, ಕೋಳಿಗೂಡು, ಬಾವಿ ಮೇಲಿನ ಜಾಲರಿ, ಅಂಥದ್ದೇ ಇರುತ್ತಿತ್ತು. ನಾನು ಅದರ ಮುಂದೆ ಹೋಗಬಾರದೆಂದು ಬಸ್ ಸ್ಟ್ಯಾಂಡಿನ ಹಿಂದಿನ ದಾರಿ ಹಿಡಿಯತೊಡಗಿದೆ.

ಮುದುಕಿಯ ಕೈ ಕೂಡಿಕೊಂಡಿತು, ಸೊಟ್ಟಗೆ. ಆ ಕೈಯಲ್ಲಿ ಹಿಡಿದುಕೊಂಡು ಹೊಲದ ಅಟ್ಟಣೆ ಹತ್ತಲು ಅವಳಿಗೆ ಆಗಲಿಲ್ಲ. ಮೊದಲು ತಾಯಿ ಮಗ ಸರದಿಯಲ್ಲಿ ರಾತ್ರಿ ಕಾಡಾನೆ ಬರದಂತೆ ಕಾಯುತ್ತಿದ್ದವರು, ಆ ವರ್ಷ ಮಗನೊಬ್ಬನೇ ಕಾದ. ಅವನು ಜ್ವರದಲ್ಲಿ ಮಲಗಿದ ಎರಡು ದಿನದಲ್ಲಿ ರಾಗಿ ಆನೆ ಪಾಲಾಯಿತು. ಇಷ್ಟಾದರೂ ಅವರೆ ಕಾಲ ಬಂದಾಗ ಅವಳು ನಮ್ಮ ಮನೆಗೆ ಒಂದು ಮಂಕರಿ ಸೊಗಡವರೆ ಕಳಿಸಿದಳು. ಅವತ್ತು ಆಸ್ಪತ್ರೆಯಲ್ಲಿ ಸಂಜೆವರೆಗೂ ಪಕ್ಕದಲ್ಲಿ ಕೂತಿದ್ದೆ ಎಂದು.

ಆ ಅವರೆ ಸುಲಿಯುತ್ತಾ ನನ್ನ ಹೆಂಡತಿ ಹೇಳಿದಳು, "ನನ್ ತಮ್ಮ ನಿಮ್ಮನ್ನ ಭಾವ ಅಂತ ಕರ್ದು ಎಷ್ಟು ದಿನ ಆಯ್ತು, ನೋಡಿದೀರಾ?"

ನೋಡಿರಲಿಲ್ಲ. ಅವಳು ಹೇಳಿದ ಮೇಲೆ ನೆನಪು ಮಾಡಿಕೊಂಡೆ. ಬತ್ತೀನಿ, ಹೋಯ್ತೀನಿ, ಡೀಸಲ್ ಹಾಕ್ಸಿದೀನಿ. ಕರೆಯುವ ಮಾತನ್ನು ಬಿಟ್ಟು ಉಳಿದದ್ದನ್ನೆಲ್ಲ ಆಡುತ್ತಿದ್ದ. ಯುಗಾದಿ ಕಳೆದ ಮೇಲೆ ಹೊಸೂರಿನಲ್ಲಿ ಕಂಪನಿ ಬಸ್ಸು ಓಡಿಸುವ ಕೆಲಸ ಸಿಕ್ಕಿತೆಂದು ಗಾಡಿಯ ಕೀಲಿಯನ್ನು ಅಕ್ಕನ ಕೈಗೆ ಕೊಟ್ಟು ಹೋದ.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಮೇಸ್ತ್ರಿಯ ಶಾಪಿಗೆ ಹೋದೆ. ಅವರು ಮಂಚದ ಕಾಲು ಬೆಸೆಯುತ್ತಿದ್ದರು. ತಪ್ಪಾಯಿತು ಎಂದೆ. ಇನ್ನೂ ಏನೇನೋ ಹೇಳಿದೆ. ಅವರು ಕೆಲಸ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು.

"ನನಗೆ ಗೊತ್ತಿರೋದನ್ನ ನನಗ್ಯಾಕಪ್ಪ ಹೇಳ್ತೀಯಾ," ಅಂದರು. "ಎಲ್ಲಿ ಹೇಳಿದ್ದೆ, ಅಲ್ಲಿ ಹೋಗಿ ಹೇಳು."

ಸ್ಟ್ಯಾಂಡು ನೂರು ಹೆಜ್ಜೆ. ಅವತ್ತು ಅಲ್ಲಿ ಹೋಗಿ ಟೀ ಕುಡಿದು ಬಸ್ಸು ಹತ್ತಿದೆ. ಮತ್ತೆ ಹೋಗಿ ಬಾಯಿ ಬಿಡಲು ಇನ್ನೂ ಆರು ತಿಂಗಳು ಹಿಡಿಯಿತು. ಒಂದು ದಿನ ನಾಲ್ಕು ಜನ ಡ್ರೈವರುಗಳು ಟೀ ಅಂಗಡಿಯಲ್ಲಿದ್ದಾಗ, ಆ ತೊಟ್ಟಿ ಕಿತ್ತದ್ದು ಮೇಸ್ತ್ರಿಯ ಕೆಲಸವಲ್ಲ, ನಾನೇ ಬೇರೆ ಕಡೆ ಉದ್ದ ಮಾಡಿಸಿದ್ದೆ ಎಂದು ಹೇಳಿದೆ. ಒಬ್ಬ ಹೌದಾ ಎಂದ. ಇನ್ನೊಬ್ಬ, ಯಾವ ಮೇಸ್ತ್ರಿ ಎಂದ. ಶಾಪಿನ ಕಡೆ ನಡೆದರೆ ಬಾಗಿಲು ಹಾಕಿತ್ತು. ಮೇಸ್ತ್ರಿ ಶಾಪು ಬಿಟ್ಟುಕೊಟ್ಟು ಕೃಷ್ಣಗಿರಿಯ ಮಗಳ ಮನೆಗೆ ಹೋಗಿ ಎರಡು ತಿಂಗಳಾಯಿತು ಎಂದು ಪಕ್ಕದ ಪಂಕ್ಚರ್ ಅಂಗಡಿಯವನು ಹೇಳಿದ.

ವಿಳಾಸ ಹಿಡಿದು ಕೃಷ್ಣಗಿರಿಗೆ ಹೋದೆ. ಮೇಸ್ತ್ರಿ ಮನೆ ಮುಂದೆ ಕಟ್ಟೆಯ ಮೇಲೆ ಕೂತಿದ್ದರು, ಸೊರಗಿದ್ದರು. ಸ್ಟ್ಯಾಂಡಿನಲ್ಲಿ ಹೇಳಿದೆ ಎಂದೆ. ಯಾರು ಯಾರು ಇದ್ದರು ಎಂದು ಕೇಳಿದರು. ನಾಲ್ವರ ಗುರುತು ಹೇಳಿದೆ. ಅವರಲ್ಲಿ ಮೂವರು ಆಮೇಲೆ ಬಂದವರು, ಅವರಿಗೆ ತಾನು ಯಾರೆಂದೇ ಗೊತ್ತಿಲ್ಲ ಅಂದರು. ಆಮೇಲೆ, ಆ ತಾಯಿಯ ಮಗನಿಗೆ ಹೇಳಿದೆಯಾ ಎಂದು ಕೇಳಿದರು. ಇಲ್ಲ ಎಂದೆ. ಮಗಳು ಊಟಕ್ಕೆ ಎಬ್ಬಿಸಿದಳು. ನಾನು ಯಾರೆಂದು ಆಕೆಗೆ ಗೊತ್ತಿರಲಿಲ್ಲ, ಹಳೇ ಗಿರಾಕಿ ಎಂದು ಪರಿಚಯ ಮಾಡಿಸಿದರು. ಅವರ ಮನೆಯಲ್ಲಿ ಉಂಡು ಬಂದೆ.

ಮುಂದಿನ ಭಾನುವಾರ ಆ ಗಾಡಿಯನ್ನೇ ತಗೊಂಡು ಮುದುಕಿಯ ಹೊಲಕ್ಕೆ ಹೋದೆ. ತಾಯಿ ಮಗ ಇಬ್ಬರೂ ಹುರುಳಿ ಕೀಳುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ, ಟೊಮ್ಯಾಟೊ ಬುಟ್ಟಿಯಿಂದ ಹಿಡಿದು. ಮುದುಕಿ ಎಡಗೈಯಲ್ಲಿ ಕಣ್ಣಿಗೆ ನೆರಳು ಹಿಡಿದು ನನ್ನನ್ನು ನೋಡಿದಳು.

"ನನ್ ಕೈ ಹೋಗಿದ್ದು ಬುಡು ಮಗ," ಅಂದಳು. "ಬೀಳೋಳು ಬಿದ್ದೆ. ಆ ಯಪ್ಪನ್ನ ನನ್ ಮಗ ಬೀದೀಲಿ ನಿಲ್ಸಿ ಬೋಯ್ದು ಬಂದವ್ನೆ. ಅದ್ನ ಏನ್ ಮಾಡನ?"

ಮಗ ಕೈಯಲ್ಲಿದ್ದ ಹುರುಳಿ ಗಿಡಗಳನ್ನು ಗುಡ್ಡೆಯ ಮೇಲೆ ಹಾಕಿದ. ನನ್ನನ್ನು ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ನಿಂತು ಕೇಳುತ್ತಿದ್ದೆ. ಅವನು ಕೇಳಿದ್ದು ಒಂದೇ, ಕೃಷ್ಣಗಿರಿಯಲ್ಲಿ ಮೇಸ್ತ್ರಿಯ ಮನೆ ಎಲ್ಲಿ ಎಂದು. ಬೀದಿ, ಗುರುತು ಹೇಳಿದೆ. ಕಾಲುವೆ ನೀರಿನಲ್ಲಿ ಕೈಕಾಲು ತೊಳೆದು, ಗಿಡದ ಮೇಲಿದ್ದ ಅಂಗಿ ತಗೊಂಡು ಹಾಕಿಕೊಂಡ. ನನಗೆ ಎರಡೂವರೆ ವರ್ಷ ಹಿಡಿದ ಕೆಲಸಕ್ಕೆ ಅವನು ಗುಂಡಿ ಹಾಕಿಕೊಳ್ಳುತ್ತಾ ಆಗಲೇ ನಡೆಯಲು ಶುರುಮಾಡಿದ್ದ.

ನಾನು ಹಿಂದೆ ಹೋಗಿ, ಗಾಡಿ ಇದೆ, ಕರೆದುಕೊಂಡು ಹೋಗುತ್ತೇನೆ, ಇಬ್ಬರೂ ಹೋಗೋಣ ಎಂದೆ.

"ನೀವು ಬ್ಯಾಡಿ," ಎಂದ. "ನಾನು ಬಸ್ಸಿಗೆ ಹೋಯ್ತೀನಿ."

ಹೊಲದಿಂದ ಬಸ್ಸು ನಿಲ್ಲುವ ಕಡೆಗೆ ಎರಡು ಮೈಲಿ. ಬದುವಿನ ಮೇಲೆ ನೆಟ್ಟಗೆ ನಡೆದು ಹೋದ. ಮುದುಕಿ ಹುರುಳಿ ಸಾಲಿಗೆ ಮತ್ತೆ ಬಗ್ಗಿದಳು. ನಾನೂ ಪಕ್ಕದ ಸಾಲಿನಲ್ಲಿ ಕೂತೆ. ಅವಳು ಕೀಳು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.